ಜಪ್ತಿಗೆ ಕಾದು ಕುಳಿತವರು

ಎದುರುಮನೆಯ ಅಂಕಲ್ ಅವರ ಮೂಗು ದೊಡ್ಡದು, ತುದಿಯಲ್ಲಿ ಸ್ವಲ್ಪ ಎಡಕ್ಕೆ ತಿರುಗಿತ್ತು. ಮಾತಾಡುವ ಮುಂಚೆ ಅದು ಒಮ್ಮೆ ಅರಳುತ್ತಿತ್ತು. ಅವರು ಆಹಾರ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿದ್ದನ್ನು ಲಾರಿಯ ಪಕ್ಕ ನಿಂತು ಮೂಸಿಯೇ ಹಿಡಿಯುತ್ತಿದ್ದರಂತೆ. ಕುಮಾರಸ್ವಾಮಿ ಲೇಔಟಿನ ಆ ರಸ್ತೆಗೆ ನಾವು ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ನಮ್ಮ ಗೇಟಿನ ಹೊರಗೆ ನಿಂತು, "ಒಳಗಡೆ ಗ್ಯಾಸ್ ವಾಸನೆ ಬರ್ತಿದೆ. ಮೊದಲು ರೆಗ್ಯುಲೇಟರ್ ಆಫ್ ಮಾಡಮ್ಮ, ಪರಿಚಯ ಆಮೇಲೆ ಮಾಡ್ಕೊಳ್ಳೋಣ" ಎಂದಿದ್ದರು.

ಅಪ್ಪ ಹೋದ ಮೇಲೆ ಅಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅಡುಗೆ ಮಾಡಿ ಸುತ್ತಲಿನವರಿಗೆ ಊಟ ಕಳಿಸಲು ಶುರುಮಾಡಿದರು. ಶುರುಮಾಡಿದ ದಿನ ಎಲ್ಲರೂ ಶುಭಾಶಯ ಹೇಳಿ ಹೋದರು. ಅಂಕಲ್ ಮಾತ್ರ ಅಡುಗೆಕೋಣೆಯನ್ನೆಲ್ಲ ಒಂದು ಸುತ್ತು ನೋಡಿ, "ವ್ಯಾಪಾರಕ್ಕೆ ವ್ಯಾಪಾರದ ಸಿಲಿಂಡರೇ ತಗೋಬೇಕು. ಮನೆ ಸಿಲಿಂಡರ್ ಈ ಕೋಣೇಲಿ ಕಂಡ್ರೆ ನಾನೇ ಎತ್ಕೊಂಡು ಹೋಗ್ತೀನಿ" ಎಂದರು. ಅಮ್ಮ ನಕ್ಕರು. ಅವರು ನಗಲಿಲ್ಲ. ಅಮ್ಮ ತಾವಾಗಿ ಆ ಮಾತನ್ನು ಒಮ್ಮೆಯೂ ಮೀರಲಿಲ್ಲ.

ಅವರದೊಂದು ವಿಚಿತ್ರ ಅಭ್ಯಾಸವಿತ್ತು. ಅವರ ಎದುರು ಯಾರಾದರೂ ಸರ್ಕಾರವನ್ನು ಬೈದರೆ ಅವರು ವಾದಿಸುತ್ತಿರಲಿಲ್ಲ. ಬೈಗುಳವನ್ನು ತಮ್ಮ ಮೇಲೆ ಎಳೆದುಕೊಳ್ಳುತ್ತಿದ್ದರು. ರಸ್ತೆ ಗುಂಡಿಗೆ ಚಕ್ರ ಇಳಿಸಿಕೊಂಡ ಆಟೊದವನು ಒಮ್ಮೆ, "ಯಾವ ಸರ್ಕಾರ ಗುರು ಇದು!" ಎಂದು ಕೂಗಿದಾಗ, ಜಗುಲಿಯಿಂದಲೇ "ನಾನೇ ಕಣಪ್ಪ ಸರ್ಕಾರ, ಬಾ, ಬೈಯಿ" ಎಂದರು.

"ನೀವಾ ಸಾರ್? ಹಂಗಾದ್ರೆ ಬಂದು ತಳ್ಳಿ!"

ಅಂಕಲ್ ಚಪ್ಪಲಿ ಮೆಟ್ಟಿಕೊಂಡು ಹೋಗಿ ತಳ್ಳಿದರು. ಪಿಂಚಣಿ ಬರುತ್ತಿರುವ ತನಕ ಜವಾಬ್ದಾರಿಯೂ ಇರುತ್ತದೆ ಎನ್ನುವುದು ಅವರ ಲೆಕ್ಕ.

ದೂರದ ಸಮುದ್ರದಲ್ಲಿ ಯುದ್ಧವೆಂದು ಗ್ಯಾಸ್ ತರುವ ಹಡಗುಗಳು ನಿಂತ ಆ ದಿನಗಳಲ್ಲಿ, ಗ್ಯಾಸ್ ಸಿಗುವುದಿಲ್ಲ ಎಂಬ ಸುದ್ದಿ ಫೋನಿನಿಂದ ಫೋನಿಗೆ ಓಡಾಡುತ್ತಿತ್ತು. ಟೀವಿಯಲ್ಲಿ ದೊಡ್ಡವರೊಬ್ಬರು ಕುಳಿತು, ದಾಸ್ತಾನು ಸಾಕಷ್ಟಿದೆ, ಕೊರತೆ ಇಲ್ಲ, ವದಂತಿ ನಂಬಬೇಡಿ ಎಂದರು. ಅದೇ ಹೊತ್ತಿಗೆ ವಸಂತಪುರದ ಮನೆಯೊಂದರಿಂದ ಅಮ್ಮನಿಗೆ ಸೀಮಂತದ ಊಟದ ಆರ್ಡರ್ ಬಂತು. ಅಷ್ಟು ದೊಡ್ಡ ಆರ್ಡರ್ ಅದೇ ಮೊದಲು. ಅಮ್ಮ ಹೆದರಿ ಅಂಕಲ್ ಅವರನ್ನು ಕೇಳಿದರು.

"ಒಪ್ಕೊಳ್ಳಿ ಅಮ್ಮ. ಸರ್ಕಾರ ಬಾಯ್ಬಿಟ್ಟು ಇದೆ ಅಂತ ಹೇಳಿದೆ. ಇಲ್ದೇ ಇದ್ರೆ ಹೇಳುತ್ತಾ?"

ಅಮ್ಮ ಒಪ್ಪಿಕೊಂಡರು. ಒಪ್ಪಿದ್ದು ಟೀವಿಯ ಮಾತಿಗಲ್ಲ, ಅಂಕಲ್ ಮಾತಿಗೆ.

ಸೀಮಂತ ಹತ್ತಿರ ಬಂದಾಗ ಏಜೆನ್ಸಿಯವರು ವ್ಯಾಪಾರದ ಸಿಲಿಂಡರ್ ಕೊಡುವುದನ್ನೇ ನಿಲ್ಲಿಸಿದರು. ಮುನ್ಸೂಚನೆಯಿಲ್ಲ, ಬಾಗಿಲಿಗೆ ಒಂದು ಚೀಟಿಯೂ ಇಲ್ಲ. ಖಾಲಿ ಸಿಲಿಂಡರ್ ಪಕ್ಕ ಬಿಸಿಲಲ್ಲಿ ನಿಂತ ಜನರಿಗೆ ಒಳಗಿನವರು "ಲೋಡ್ ಬರುತ್ತೆ" ಎಂದಷ್ಟೇ ಹೇಳುತ್ತಿದ್ದರು. ನಮ್ಮ ಮನೆ ಬಳಕೆಯ ಸಿಲಿಂಡರ್ ಕೂಡ ಬುಕ್ ಮಾಡಿದ್ದು ಬಂದಿರಲಿಲ್ಲ. ಕರೆಂಟ್ ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟರೆ ಇಡೀ ಮನೆಯ ಫ್ಯೂಸ್ ಹೋಗುತ್ತಿತ್ತು. ಸೌದೆ ಉರಿಸಲು ಮನೆಯ ಮಾಲೀಕರು ಬಿಡಲಿಲ್ಲ.

ಅಂಕಲ್ ತಾವು ಹಿಂದೆ ಕೆಲಸ ಮಾಡಿದ್ದ ಕಚೇರಿಗೆ ಹೊರಟರು. ಜೊತೆಗೆ ನಾನೂ ಹೋದೆ. ಅಲ್ಲಿದ್ದ ಅಧಿಕಾರಿ ನನಗಿಂತ ತುಸು ದೊಡ್ಡವನಿರಬೇಕು. ಪರಿಚಯ ಹೇಳಿಕೊಂಡ ಮೇಲೆ ಎದ್ದು ಕುರ್ಚಿ ಕೊಟ್ಟ. ಅಂಕಲ್ ಕೂರಲಿಲ್ಲ.

"ಮನೆಗಳಿಗೆ ಮೊದಲು ಅಂತ ಮೇಲಿಂದ ಆದೇಶ ಆಗಿದೆ ಸಾರ್."

"ನ್ಯಾಯವೇ. ನಾನಿದ್ದಿದ್ರೂ ಅದನ್ನೇ ಮಾಡ್ತಿದ್ದೆ. ಹಾಗಂತ ಜನಕ್ಕೆ ಮುಂಚೇನೇ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಪ್ಯಾನಿಕ್ ಆಗ್ತಾರೆ ಸಾರ್."

"ಈಗೇನು ಹಬ್ಬ ಮಾಡ್ತಿದ್ದಾರಾ?"

ಆತ ತಲೆ ತಗ್ಗಿಸಿ, "ಇದೆಲ್ಲ ನಮ್ಮ ಕೈಲಿಲ್ಲ ಸಾರ್" ಎಂದ.

ಅಂಕಲ್ ಮೂಗು ಅರಳಿತು. "ಹಾಗಾದ್ರೆ ಯಾರ ಕೈಲಿದೆಯಪ್ಪ? ಆ ಕೈ ಎಲ್ಲಿದೆ ತೋರ್ಸು. ಅಲ್ಲಿಗೇ ಹೋಗ್ತೀನಿ."

ಆತ ಮೇಜಿನ ಮೇಲಿನ ಕಡತವೊಂದನ್ನು ಹತ್ತಿರ ಎಳೆದುಕೊಂಡ. ಇಂದಿಗೂ ನನ್ನನ್ನು ಸುಡುವುದು ಇದೇ. ಸಮುದ್ರದಲ್ಲಿ ಹಡಗು ನಿಂತಿದ್ದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಇಂಧನ ಕಡಿಮೆಯಾದಾಗ ಆಸ್ಪತ್ರೆಗೆ, ಮನೆಗಳಿಗೆ ಮೊದಲು ಎನ್ನುವುದೂ ಸರಿ. ಆದರೆ ಇಲ್ಲ ಎಂದು ಗೊತ್ತಿದ್ದೂ ಇದೆ ಎಂದರಲ್ಲ! ಆ ಮಾತು ನಂಬಿ ಅಕ್ಕಿ ಬೇಳೆ ತಂದಿಟ್ಟುಕೊಂಡವರನ್ನು ಬಿಸಿಲಲ್ಲಿ ನಿಲ್ಲಿಸಿದರಲ್ಲ! ಸುಳ್ಳು ಹಬ್ಬಿಸಿದ್ದು ಜನರಲ್ಲ. ವದಂತಿಯೇ ನಿಜವಾಗಿತ್ತು, ಸುಳ್ಳಾಗಿದ್ದು ಪ್ರಕಟಣೆ.

ಸೀಮಂತದ ಬೆಳಿಗ್ಗೆ ಅಮ್ಮ ಆ ಮನೆಯವರಿಗೆ ಆಗುವುದಿಲ್ಲ ಎಂದು ಹೇಳಲು ಫೋನ್ ಕೈಗೆತ್ತಿಕೊಂಡಿದ್ದರು. ಹೊರಗೆ ಕಬ್ಬಿಣ ಉಜ್ಜುವ ಸದ್ದಾಯಿತು. ಅಂಕಲ್ ತಮ್ಮ ಮನೆಯ ಕೆಂಪು ಸಿಲಿಂಡರನ್ನು ಓರೆ ಮಾಡಿ ಉರುಳಿಸುತ್ತಾ ರಸ್ತೆ ದಾಟುತ್ತಿದ್ದರು. ಹಿಂದೆ ಅವರ ಹೆಂಡತಿ, ನಮ್ಮ ಆಂಟಿ, ಒಲೆ ಹೊತ್ತು ಬರುತ್ತಿದ್ದರು.

"ಏನ್ರೀ, ಇವರ ಮನೇಲಿ ಸೀಮಂತದೂಟ, ನಮ್ಮನೇಲಿ ಉಪವಾಸಾನಾ?"

"ಅವಲಕ್ಕಿ ನೆನೆಸು. ಸರ್ಕಾರದ ಆದೇಶ."

"ಈ ಸರ್ಕಾರ ಯಾವಾಗ ಬೀಳುತ್ತೋ!" ಎನ್ನುತ್ತಲೇ ಆಂಟಿ ಒಲೆ ಇಳಿಸಿ, ಕೊಬ್ಬರಿ ತುರಿಯಲು ಕುಳಿತರು.

ಅಮ್ಮ ಬಾಗಿಲಲ್ಲೇ ನಿಂತುಬಿಟ್ಟರು. "ಸಾರ್, ಮನೆ ಸಿಲಿಂಡರ್ ಇದು. ನೀವೇ ತಾನೇ ಹೇಳಿದ್ದು..."

"ಹೇಳಿದ್ದು ನಾನೇ. ಕೊರತೆ ಇಲ್ಲ ಅಂದಿದ್ದೂ ನಾನೇ. ಒಲೆ ಹಚ್ಚಿ."

ಅಡುಗೆ ನಡೆಯುತ್ತಿರುವಾಗ ಅವರು ಇಲಾಖೆಯ ಸಹಾಯವಾಣಿಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. "ಮನೆ ಸಿಲಿಂಡರ್ ವ್ಯಾಪಾರಕ್ಕೆ ಬಳಕೆ ಆಗ್ತಾ ಇದೆ. ವಿಳಾಸ ಬರ್ಕೊಳ್ಳಿ. ಸಿಲಿಂಡರ್ ನಂದು, ತಪ್ಪು ನಂದು." ನಮ್ಮ ಮುಖ ನೋಡಿ ಮೆಲ್ಲಗೆ ಹೇಳಿದರು: "ಹೆದರ್ಬೇಡಿ, ಕೇಸ್ ನನ್ನ ಮೇಲೆ. ಕೇಸ್ ಆದ್ರೆ ಯಾಕೆ ಹೀಗೆ ಮಾಡ್ದೆ ಅಂತ ಕೇಳ್ಲೇಬೇಕು. ಆಗ ಹೇಳ್ತೀನಿ, ಇದೆ ಅಂತ ಸುಳ್ಳು ಹೇಳಿದ್ದು ಯಾರು ಅಂತ."

ಮನೆಗೆ ಹೋಗಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ಜಗುಲಿಯಲ್ಲಿ ಕುರ್ಚಿ ಹಾಕಿ ಕುಳಿತರು. ಬರುವವರಿಗೆಂದು ಎದುರಿಗೆ ಇನ್ನೊಂದು ಕುರ್ಚಿ. ಊಟ ವಸಂತಪುರಕ್ಕೆ ಹೋಯಿತು. ಸಾರು ಬಹಳ ಚೆನ್ನಾಗಿತ್ತೆಂದು ಬಸುರಿ ಹುಡುಗಿಯ ತಾಯಿ ಫೋನ್ ಮಾಡಿ ಹೇಳಿದರು. ಅಂಕಲ್ ಕುಳಿತೇ ಇದ್ದರು. ರಸ್ತೆಯಲ್ಲಿ ಜೀಪಿನ ಸದ್ದಾದಾಗಲೆಲ್ಲ ಅಂಗಿಯ ತೋಳು ಸರಿಮಾಡಿಕೊಳ್ಳುತ್ತಿದ್ದರು. ಆಂಟಿ ಅವಲಕ್ಕಿ ತಂದು ಕೈಗಿಟ್ಟರೆ, "ಅವರು ಬಂದು ಹೋಗ್ಲಿ" ಎಂದರು.

ದೀಪ ಹಚ್ಚುವ ಹೊತ್ತಾದರೂ ಯಾರೂ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ.

"ಕೊಡೋಕೆ ಬರ್ಲಿಲ್ಲ, ಸರಿ. ಹಿಡಿಯೋಕಾದ್ರೂ ಬರ್ಬೇಕಿತ್ತಲ್ಲ ಮಗು" ಎಂದರು ನನಗೆ. ಅವರ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮುಂದೆ ಸಿಲಿಂಡರ್ ಮತ್ತೆ ಬರತೊಡಗಿತು. ಕೊರತೆ ಇರಲೇ ಇಲ್ಲ ಎಂಬಂತೆ ಎಲ್ಲರೂ ಸುಮ್ಮನಾದರು. ಅದೇ ಗುಂಡಿಗೆ ಅದೇ ಆಟೊ ಇನ್ನೊಮ್ಮೆ ಇಳಿಯಿತು. "ಎಲ್ಲಿ ಸಾರ್ ಸರ್ಕಾರ?" ಎಂದು ಆತ ಜಗುಲಿಯ ಕಡೆ ನೋಡಿ ನಕ್ಕ. ಅಂಕಲ್ ಹೋಗಿ ತಳ್ಳಿದರು. ಆದರೆ "ನಾನೇ" ಎನ್ನಲಿಲ್ಲ. ಆ ಮಾತನ್ನು ಮತ್ತೆಂದೂ ಅವರು ಆಡಲಿಲ್ಲ. ಆ ಮಳೆಗಾಲದಲ್ಲಿ, ಬೆಳಗಿನ ಕಾಫಿ ಕುಡಿದು ಕುರ್ಚಿಯಲ್ಲಿ ಒರಗಿದವರು ಹಾಗೆಯೇ ಹೋಗಿಬಿಟ್ಟರು.

ಗುರುತಿಲ್ಲದವರ ಜೊತೆ ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಮೊದಲಿನಿಂದಲೂ ಹಿಂಜರಿಕೆ. ಈಚೆಗೆ ಮತ್ತೆ ಅಮ್ಮನ ಸಿಲಿಂಡರ್ ಬರುವುದು ತಡವಾಯಿತು. ನಾನೇ ಸಹಾಯವಾಣಿಗೆ ಫೋನ್ ಮಾಡಿದೆ.

"ಅದು ನಮ್ಮ ಕೈಲಿಲ್ಲ ಮೇಡಂ."

"ಹಾಗಾದ್ರೆ ಯಾರ ಕೈಲಿದೆ?"

"ಲೈನಲ್ಲಿರಿ ಮೇಡಂ, ಕೇಳಿ ಹೇಳ್ತೀನಿ."

"ಇರ್ತೀನಿ" ಎಂದೆ. ಎದುರುಮನೆಯ ಜಗುಲಿ ಕಾಣುವಂತೆ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕುಳಿತೆ.