ಮೊಣಕಾಲಿನ ನೆಪದ ಹನ್ನೊಂದು ಸಿನಿಮಾಗಳು

ಫೆಬ್ರುವರಿ ಎಂಟು, ಭಾನುವಾರ. ಬರೆಯಲು ಕೂತಾಗ ಸಂಜೆ ಐದು ಗಂಟೆ ಇಪ್ಪತ್ತು ನಿಮಿಷ.

ಇವತ್ತು ಕಲಬುರಗಿಯ ಥೇಟರಿನಲ್ಲಿ ಪಕ್ಕದ ಕುರ್ಚಿಯ ಅಜ್ಜಿ ಚೀಲದಿಂದ ನೋವಿನ ಮುಲಾಮು ತೆಗೆದು ಮೊಣಕಾಲಿಗೆ ತಿಕ್ಕಿಕೊಂಡರು. ಆ ಘಾಟಿಗೆ ನನ್ನ ಚೀಲ ಎತ್ತಿ ಮಡಿಲಿಗಿಟ್ಟುಕೊಂಡೆ. ತೆರೆಯ ಮೇಲೆ ಭಯಪಡುವಂಥದ್ದೇನೂ ನಡೆದಿರಲಿಲ್ಲ. ಆದರೂ ಗಡಿಯಾರ ನೋಡಿದೆ. ಒಂದು ಗಂಟೆ ಹತ್ತು ನಿಮಿಷ. ಹೊತ್ತಾಯಿತು, ಏಳಬೇಕು ಅನ್ನಿಸಿತು... ನನಗಾಗಿ ಎಲ್ಲೂ ಯಾರೂ ಕಾಯುತ್ತಿರಲಿಲ್ಲ.

ಈ ವರ್ಷ ನೋಡಿದ್ದರಲ್ಲಿ ಇದು ಮೂರನೆಯದು. ಮೊದಲನೆಯದು ಪೊಲೀಸ್ ಕಥೆ, ಹತ್ತಕ್ಕೆ ನಾಲ್ಕು ಅಂಕ. ಹೊಡೆದಾಟ ಐದು, ಐದೂ ಒಂದೇ ಗೋದಾಮಿನಲ್ಲಿ. ಎರಡನೆಯದು ತೆಲುಗಿನ ಸಂಸಾರದ ಕಥೆ, ಆರೂವರೆ. ಮೊದಲರ್ಧ ಚೆನ್ನಾಗಿತ್ತು. ಮದುವೆಯಾದ ಕೂಡಲೇ ನಾಯಕಿಯ ಮಾತು ನಿಂತುಹೋಯಿತು. ಇವತ್ತಿನದು ದೆವ್ವದ ಕಥೆ, ಎಂಟು. ದೆವ್ವವಾದ ಹೆಂಗಸು ಅಡುಗೆಮನೆಗೆ ಹೋಗಿ ಬೋಗುಣಿಯಿಂದಲೇ ತಂಗಳನ್ನ ತಿನ್ನುತ್ತಾಳೆ. ಜನ ಹೆದರಿ ಕಿರುಚಿದರು. ವೈನಿ ಇದ್ದಿದ್ದರೆ ಚಪ್ಪಾಳೆ ಹೊಡೆಯುತ್ತಿದ್ದರು.

ವೈನಿ ಎಂದರೆ ವಾಡಿಯಲ್ಲಿ ನಮ್ಮ ಪಕ್ಕದ ಮನೆಯವರು. ನಾನಾಗ ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಅವರ ಗಂಡನನ್ನು ಅಣ್ಣ ಎನ್ನುತ್ತಿದ್ದೆ, ಹಾಗಾಗಿ ಅವರು ನನಗೆ ವೈನಿ, ಅತ್ತಿಗೆ. ಅಣ್ಣನಿಗೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ. ಮನೆಯ ಹೆಂಗಸರು ಥೇಟರಿಗೆ ಹೋಗುವುದು ಅವರಿಗೆ ಆಗುತ್ತಿರಲಿಲ್ಲ. ಫೋನ್ ಕೊಡಿಸಿದ್ದೇನಲ್ಲ, ಅದರಲ್ಲೇ ನೋಡು ಎನ್ನುತ್ತಿದ್ದರು.

"ಫೋನಿನಾಗ ನೋಡ್ಲಿಕತ್ತರ ನಡುವ ಕುಕ್ಕರ್ ಕರೀತದ, ಅತ್ತಿ ಕರೀತಾಳ, ನೀರಿನವ ಕರೀತಾನ" ಎಂದು ವೈನಿ ನನ್ನ ಹತ್ತಿರ ಹೇಳುತ್ತಿದ್ದರು. "ಥೇಟರಿನಾಗ ನನ್ನ ಹೆಸರೇ ಯಾರಿಗೂ ಗೊತ್ತಿರಾಂಗಿಲ್ಲ ನೋಡು."

ಆ ವರ್ಷ ಅವರ ಮೊಣಕಾಲು ನಿಜವಾಗಿಯೂ ಊದಿತ್ತು. ಶಹಾಬಾದಿನ ದವಾಖಾನೆಯೊಂದರಲ್ಲಿ ಶಾಖ ಕೊಡಿಸಬೇಕೆಂದಾಗ ಅಣ್ಣ ಜೊತೆಗೆ ನನ್ನನ್ನು ಕಳಿಸಿದರು. ಎರಡು ಸಲ ದವಾಖಾನೆಗೇ ಹೋದೆವು. ಮೂರನೆಯ ಸಲ ಊತ ಇಳಿದಿತ್ತು, ದಾರಿಯಲ್ಲಿ ಥೇಟರಿತ್ತು. ಅಲ್ಲಿಂದ ಹನ್ನೊಂದು ಸಿನಿಮಾ. ಮಧ್ಯಂತರ ಮುಗಿದು ದೀಪ ಆರಿದ ಮೇಲೆ ವೈನಿ ಮೊಣಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು, ಮನೆಯಲ್ಲಿ ವಾಸನೆ ಬರಲಿ ಎಂದು. ಅಣ್ಣ ಮೂರು ಗಂಟೆಗೆ ಮನೆ ಮುಟ್ಟುತ್ತಿದ್ದರು. ವಾಡಿಗೆ ಹೋಗುವ ಟಂಟಂ ಆಟೊ ಜನ ತುಂಬುವ ತನಕ ಹೊರಡುವುದಿಲ್ಲವಾದ್ದರಿಂದ ಒಂದೂ ಹತ್ತಕ್ಕೆ ಏಳಲೇಬೇಕಿತ್ತು. ಹನ್ನೊಂದರಲ್ಲಿ ಕೊನೆ ನೋಡಿದ್ದು ನಾಲ್ಕು. ಉಳಿದ ಏಳರ ಕೊನೆಯನ್ನು ವೈನಿ ಟಂಟಂನಲ್ಲಿ ತಾವೇ ಹೇಳುತ್ತಿದ್ದರು. ಹೆಚ್ಚಿನವುಗಳಲ್ಲಿ ನಾಯಕಿಗೆ ನೌಕರಿ ಸಿಗುತ್ತಿತ್ತು.

ನಾನು ಡೈರಿಯಲ್ಲಿ ಕಥೆ, ಹಾಡು, ನಟನೆ ಎಂದು ಅಂಕ ಬರೆದರೆ ಅವರ ಅಳತೆಯೇ ಬೇರೆ.

"ಮೂರು ತಾಸಿನಾಗ ಆ ಹುಡುಗಿ ಒಂದ್ ತುತ್ತರೆ ಉಂಡಳೇನು? ಎಲ್ಲಾರಿಗೂ ನೀಡೇ ನೀಡ್ಲಿಕತ್ತಾಳ. ಇಂಥಾ ಸಿನಿಮಾಕ್ಕ ಆರು ಕೊಟ್ಟೀಯಲ್ಲ, ನಿನ್ನ ಕಣ್ಣಿಗೇನಾಗ್ಯಾದ?"

ಅವತ್ತೇ ನಾಯಕಿ ಉಂಡದ್ದಕ್ಕೆ ಒಂದು ಕಾಲಂ ಗೀಚಿದೆ. ಹನ್ನೊಂದು ಸಿನಿಮಾ ಸೇರಿ ಮೂರೇ ಊಟ.

ಒಂದು ಸಂಜೆ ಅಣ್ಣ ನನ್ನನ್ನು ಮನೆಗೆ ಕರೆದರು. ಕೈಯಲ್ಲಿ ಬಿಳಿ ಹಾಳೆ, ಪೆನ್ನು. ಇಷ್ಟು ದಿನ ಶಾಖ ಕೊಟ್ಟರೂ ಗುಣ ಆಗಿಲ್ಲವೆಂದರೆ ಆಪರೇಷನ್ನಿಗೆ ಬರೆದುಕೊಡುತ್ತೇನೆ, ಹೋದ ದಿನಗಳ ಪಟ್ಟಿ ತಾ ಎಂದು ಫ್ಯಾಕ್ಟರಿಯ ಡಾಕ್ಟರ್ ಹೇಳಿದ್ದರಂತೆ.

"ಕುಂದ್ರು ತಂಗಿ. ನಿಮ್ಮ ವೈನಿ ಕಾಲಿನ ಸಂಕಟ ನನಗ ನೋಡ್ಲಿಕ್ಕಾಗವಲ್ದು. ಯಾವ್ಯಾವ ದಿನ ಹೋಗೀರಿ, ಹೇಳು."

ಅವರ ದನಿಯಲ್ಲಿ ಸಂಶಯವಿರಲಿಲ್ಲ, ಕಳವಳವಿತ್ತು. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ವೈನಿಯ ಮುಖ ಬಿಳಚಿತ್ತು. ಆದರೂ ನಕ್ಕರು.

"ಬಿಡ್ರಿ, ಆಕಿಗೇನ್ ನೆನಪಿರ್ತದ? ಮುಂಜಾನಿ ಉಂಡದ್ದು ಸಂಜಿಗೆ ಮರೀತಾಳ."

ತಪ್ಪಿಸಿಕೊಳ್ಳಲು ನನಗೆ ದಾರಿ ತೆರೆದುಕೊಟ್ಟಿದ್ದರು. ಹೌದು, ನೆನಪಿಲ್ಲ ಎಂದಿದ್ದರೆ ಸಾಕಿತ್ತು. ಆದರೆ ಮರೆಯುತ್ತಾಳೆ ಎಂಬ ಮಾತು ನನಗೆ ಚುಚ್ಚಿತು. ಆ ಕ್ಷಣ ಅಷ್ಟೇ ಕೇಳಿಸಿತು.

"ನನಗ ಎಲ್ಲಾ ನೆನಪದ ಅಣ್ಣಾ. ಬರ್ದಿಟ್ಟೀನಿ" ಅಂದೆ.

ಒಂದೊಂದೇ ತಾರೀಖು ಹೇಳಿದೆ. ಸುಳ್ಳು ತಾರೀಖು ಕಟ್ಟಿ ಹೇಳಲು ನನಗೆ ಬರುವುದಿಲ್ಲ. ಅಣ್ಣ ಬರೆದುಕೊಳ್ಳುತ್ತ ಹೋದರು. ಒಂಬತ್ತನೆಯದಕ್ಕೆ ಪೆನ್ನು ನಿಂತಿತು.

"ಅವತ್ತು ದಸರಾ ಅಲ್ಲೇನು?"

ಹೊಸ ಸಿನಿಮಾ ಹಬ್ಬದ ದಿನವೇ ಬಂದಿತ್ತು. ಫ್ಯಾಕ್ಟರಿಯ ಭಟ್ಟಿ ಹಬ್ಬಕ್ಕೂ ಆರುವುದಿಲ್ಲ, ಅಣ್ಣ ಕೆಲಸಕ್ಕೆ ಹೋಗಿದ್ದರು. ನಾವು ಹೋಗಿದ್ದೆವು...

"ದಸರಾಕ್ಕ ಆ ದವಾಖಾನಿ ಬಂದ್ ಇರ್ತದಲ್ಲ ತಂಗಿ."

ಅಣ್ಣ ವೈನಿಯ ಕಡೆ ತಿರುಗಿದರು. ವೈನಿ ತಟ್ಟೆಯನ್ನು ನೆಲಕ್ಕಿಟ್ಟು, ಕುಂಟದೆ ನಡೆದು ಒಳಗೆ ಹೋದರು. ಅಣ್ಣ ಬೈಯಲಿಲ್ಲ. ಹಾಳೆ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು, "ಇನ್ನ ಮುಂದ ಎಲ್ಲಿಗಾದ್ರೂ ನಾನೇ ಕರ್ಕೊಂಡು ಹೋಗ್ತೀನಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅದಾದ ಮೇಲೆ ಇಪ್ಪತ್ತಾರು ದಿನ ವೈನಿ ಗೇಟಿನ ಹೊರಗೆ ಒಬ್ಬರೇ ಕಾಣಲಿಲ್ಲ. ಇಪ್ಪತ್ತೇಳನೆಯ ದಿನ ಅಣ್ಣ ಸೇಡಂ ಕಡೆ ಕೆಲಸ ಬದಲಿಸಿಕೊಂಡು ಮನೆ ಖಾಲಿ ಮಾಡಿದರು. ಸಾಮಾನಿನ ಗಾಡಿ ಹತ್ತುವ ಮುಂಚೆ ವೈನಿ ನನ್ನ ಹತ್ತಿರ ಬಂದರು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ, ಅವರೇ ಮೊದಲು ಕೇಳಿದರು.

"ಹಬ್ಬದ ದಿನ ನೋಡಿದ್ದಕ್ಕ ಎಷ್ಟು ಕೊಟ್ಟಿದ್ದಿ?"

"ಮೂರು."

"ಥೂ! ಸಿಕ್ಕೊಳ್ಳೋದು ಸಿಕ್ಕೊಂಡ್ವಿ, ಒಂದ್ ಚಲೋ ಸಿನಿಮಾಕ್ಕರೆ ಸಿಕ್ಕೋಬಾರದಿತ್ತೇನು?"

ನಕ್ಕು ನನ್ನ ಗಲ್ಲ ಹಿಂಡಿದರು.

ಆಮೇಲೆ ಅವರ ಫೋನ್ ನಂಬರ್ ಬದಲಾಯಿತು. ಸೇಡಂಗೆ ಎರಡು ಸಲ, ಅದರ ಹತ್ತಿರದ ಕೋಡ್ಲಾಕ್ಕೆ ಒಂದು ಸಲ ಹೋಗಿ ವಿಚಾರಿಸಿದೆ. ಸಿಗಲಿಲ್ಲ. ಈಗ ನಾನು ಒಬ್ಬಳೇ ಸಿನಿಮಾಕ್ಕೆ ಹೋಗುತ್ತೇನೆ, ಕೊನೆಯವರೆಗೂ ಕೂರುತ್ತೇನೆ. ಯಾವ ಕೊನೆಯೂ ವೈನಿ ಟಂಟಂನಲ್ಲಿ ಹೇಳಿದಷ್ಟು ಚೆನ್ನಾಗಿರುವುದಿಲ್ಲ.

ಸೇಡಂ, ಚಿಂಚೋಳಿ ಕಡೆಯವರು ಯಾರಾದರೂ ಇದನ್ನು ಓದಿ, ಇಂಥವರು ನಮ್ಮ ಓಣಿಯಲ್ಲಿದ್ದಾರೆ ಅನ್ನಿಸಿದರೆ ದಯವಿಟ್ಟು ನನಗೊಂದು ಸಾಲು ಬರೆಯಿರಿ. ಹೆಸರು, ವಿಳಾಸ ಬೇಡ. ಆಮೇಲೆ ಅವರು ಒಮ್ಮೆಯಾದರೂ ಥೇಟರಿಗೆ ಹೋದರೇ ಎಂಬುದಷ್ಟೇ ಬೇಕು. ಯಾವತ್ತು ಹೋದರು ಎಂದು ಮಾತ್ರ ತಿಳಿಸಬೇಡಿ.