ಮಂಚದ ಮೇಲಿನ ಬಿಪಿ

ಕಾಲಿಗೆ ಮುಳ್ಳು ಹೊಕ್ಕು ಕೀವಾಗಿ ಅಪ್ಪ ಚಾಮರಾಜನಗರದ ಆಸ್ಪತ್ರೆಯೊಂದರಲ್ಲಿ ಮಂಚ ಹಿಡಿದಿದ್ದ. ಮಂಚ ಹಿಡಿದದ್ದು ಆಸ್ಪತ್ರೆಯ ಲೆಕ್ಕದಲ್ಲಿ ಮಾತ್ರ. ನಮ್ಮೂರು ಹಂಗಳದ ಮನೆಯಲ್ಲಿ ಜೀವಮಾನವಿಡೀ ಚಾಪೆಯ ಮೇಲೆ ಮಲಗಿದವನಿಗೆ ಆ ರೆಕ್ಸಿನ್ ಹಾಸಿಗೆ ಒಗ್ಗದೆ, ಗೋಡೆಯ ಪಕ್ಕ ನೆಲದಲ್ಲೇ ಚಾಪೆ ಹಾಸಿಕೊಂಡ. ನಾನು ಬದನಗುಪ್ಪೆಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದರೆ, "ದಣಿದು ಬಂದಿದ್ದೀಯ, ಮ್ಯಾಕತ್ತಿ ಮನೀಕೊ" ಎನ್ನುತ್ತಿದ್ದ. ಮಂಚ ಹತ್ತಿ ಕಂಬಳಿ ಎಳೆದುಕೊಂಡರೆ ನನಗೆ ಲೋಕದ ಅರಿವಿರುತ್ತಿರಲಿಲ್ಲ.

ಅಲ್ಲಿನ ಸಿಸ್ಟರುಗಳು ಮಹಾ ಶಿಸ್ತಿನವರು. ಡಾಕ್ಟರು ಬರುವ ಮುಂಚೆ ಕಂಬಳಿಯಿಂದ ಒಂದು ಕೈ ಹೊರಗೆಳೆದು, ಪಟ್ಟಿ ಸುತ್ತಿ, ಬಿಪಿ ನೋಡಿ, ಚಾರ್ಟಿನಲ್ಲಿ ಬರೆದು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಸಂಜೆಯದನ್ನು ಬೆಳಗಿನದು ನೋಡಿ ಬರೆಯುತ್ತಿದ್ದರು. ಮುಖ ನೋಡಬೇಕೆಂದು ಚಾರ್ಟಿನಲ್ಲಿ ಎಲ್ಲೂ ಅಚ್ಚಾಗಿರಲಿಲ್ಲ.

ಡಾಕ್ಟರು ಚಾರ್ಟು ನೋಡಿ ತಲೆಯಾಡಿಸುವರು. "ಕಾಲು ವಾಸಿಯಾಗಿದೆ ಯಜಮಾನ್ರೇ, ಬಿಪಿ ಮಾತ್ರ ಇಳೀತಿಲ್ಲ. ಮನೆಗೆ ಕಳಿಸೋಕಾಗಲ್ಲ." ಹೊಲದಲ್ಲಿ ಚೆಂಡು ಹೂ ಕೊಯ್ಲಿಗೆ ಬಂದಿತ್ತು, ಅಪ್ಪ ಚಡಪಡಿಸುತ್ತಿದ್ದ. ಉಪ್ಪು ನಿಲ್ಲಿಸಿದರು, ಮಾತ್ರೆ ಹೆಚ್ಚಿಸಿದರು. ಎದ್ದು ನಿಂತರೆ ಅಪ್ಪನಿಗೆ ಕಣ್ಣು ಕತ್ತಲೆ ಬರತೊಡಗಿತು. ಅದೂ ಬಿಪಿಯದೇ ಆಟವೆಂದು ಇನ್ನೊಂದು ಮಾತ್ರೆ ಬರೆದರು.

ಒಂದು ಬೆಳಿಗ್ಗೆ ಅಪ್ಪ ಬಚ್ಚಲ ಬಾಗಿಲಲ್ಲಿ ಕುಸಿದ. ನನ್ನನ್ನು ಎಬ್ಬಿಸಿ ಅವನನ್ನು ಮಂಚದ ಮೇಲೆ ಮಲಗಿಸಿದರು. ಸಿಸ್ಟರು ಬಿಪಿ ನೋಡಿದರೆ ಪಾತಾಳ ಕಂಡಿದೆ. ಮಿಷನ್ನು ಕೆಟ್ಟಿದೆಯೆಂದು ಬೇರೆ ತಂದರು. ಅದರಲ್ಲೂ ಅದೇ ಪಾತಾಳ; ಅವರ ಲೆಕ್ಕದಲ್ಲಿ ಅದೂ ಕೆಟ್ಟಿತ್ತು.

"ಹಾಗಾದರೆ ಇಷ್ಟು ದಿನ ನೋಡಿದ್ದು ಯಾರದ್ದು?" ಎಂದರು ಡಾಕ್ಟರು, ನೆಲದ ಮೇಲಿನ ಚಾಪೆಯನ್ನೂ ನನ್ನನ್ನೂ ನೋಡುತ್ತಾ.

ಅಪ್ಪ ಮಲಗಿದ್ದಲ್ಲಿಂದಲೇ ಹೇಳಿದ: "ನಮ್ ಹೈದಂದು. ಡೂಟಿ ಮಾಡ್ಕಂಡು ಬತ್ತಾನಲ್ಲ, ಪಾಪ, ಅವನ್ನೂ ನೋಡ್ತಾವ್ರೆ, ಒಳ್ಳೆ ಆಸ್ಪತ್ರೆ ಅನ್ಕಂಡಿದ್ದೆ."

ಸಿಸ್ಟರು ಚಾರ್ಟಿನ ಹಿಂದೆ ಮುಖ ಮರೆಸಿಕೊಂಡರು. ನಾನು ನಗುತ್ತಿದ್ದೆ. ಡಾಕ್ಟರು ನಗದೆ ನನ್ನ ತೋಳಿಗೆ ಪಟ್ಟಿ ಸುತ್ತಿದರು. ಚಾರ್ಟಿನಲ್ಲಿದ್ದ ಅಂಕಿಯೇ ಬಂತು; ಮಿಷನ್ನು ಸರಿಯಾಗೇ ಇತ್ತು. ಈ ವಯಸ್ಸಿಗೆ ಇಷ್ಟು ಬಿಪಿ ಇಟ್ಟುಕೊಂಡು ರಾತ್ರಿ ಪಾಳಿ ಮಾಡಿದರೆ ಉಳಿಯುವುದಿಲ್ಲ ಎಂದು ಬೈದರು.

ಮಾತ್ರೆ ನಿಲ್ಲಿಸಿದ ಮೇಲೆ ಅಪ್ಪ ಚೇತರಿಸಿಕೊಂಡ, ಮನೆಗೆ ಹೋಗಬಹುದು ಎಂದರು. ದಿನಾ ಮನೆ ಮನೆ ಎಂದು ಎಲ್ಲರ ತಲೆ ತಿನ್ನುತ್ತಿದ್ದವನು ಅಂದು ಡಿಸ್ಚಾರ್ಜ್ ಚೀಟಿಯತ್ತ ನೋಡಲೇ ಇಲ್ಲ. ನನ್ನ ಕೈ ಹಿಡಿದುಕೊಂಡು, "ಆ ಬಿಪಿ ನಂದೇ ಆಗಿದ್ರೆ ಚೆಂದಾಗಿತ್ತು ಕಣ್ಲಾ" ಎಂದ.