ತೊಳೆದು ಕೊಟ್ಟ ಯುದ್ಧನೌಕೆ

ಪಾತ್ರೆ ತೊಳೆಯುವ ಸೋಪಿನ ನಿಂಬೆ ವಾಸನೆ ನಿಮಗೆ ಶುಚಿಯ ವಾಸನೆಯಾಗಿರಬಹುದು. ನನ್ನ ಮೂಗಿಗೆ ಅದು ಅಪರಾಧದ ವಾಸನೆ! ಇವತ್ತು ಬೆಳಿಗ್ಗೆ ಹೊಸ ಬಾಟಲಿಯ ಮುಚ್ಚಳ ತೆಗೆದವಳು ಹದಿನೈದು ವರ್ಷ ಹಿಂದಕ್ಕೆ ಹೋಗಿ ಬಿದ್ದೆ, ನೇರವಾಗಿ ಖಾದರ್ ಅಂಕಲ್ ಹಡಗಿನ ಮೇಲೆ.

ಅಂಕಲ್ ಗದಗಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಇಲ್ಲಿ ಅಮೆರಿಕದ ಪ್ಲಿಮತ್‌ನಲ್ಲಿ, ನಮ್ಮ ಬಡಾವಣೆಯಲ್ಲೇ, ನಮ್ಮಿಂದ ಮೂರನೇ ಮನೆಯಲ್ಲಿ ಮಗಳ ಜೊತೆ ಇದ್ದಾರೆ. ಈ ಊರಿನಲ್ಲಿ ಗಡಿಯಾರ ಕೆಟ್ಟರೆ ಎಸೆಯುತ್ತಾರೆ. ಕೈ ಸುಮ್ಮನಿರಬೇಕಲ್ಲ? ಹಡಗಿನ ಮಾಡೆಲ್ ಕಟ್ಟಲು ಕೂತರು. ಅವುಗಳಲ್ಲಿ ಮುದ್ದಿನದು ಒಂದು ಲೈಟ್ ಕ್ರೂಸರ್, ಅಂದರೆ ಮಧ್ಯಮ ಗಾತ್ರದ ಚುರುಕು ಯುದ್ಧನೌಕೆ. ಎರಡನೇ ಮಹಾಯುದ್ಧದ ನಡುವೆ ಅಮೆರಿಕ ಅದರ ಅಸಲಿ ಹಡಗನ್ನು ತನ್ನ ಜೊತೆಗಿದ್ದ ರಷ್ಯಾಕ್ಕೆ ಎರವಲು ಕೊಟ್ಟಿತ್ತು. ಮಿಲ್ವಾಕೀ ಎಂಬ ಹೆಸರಿನಲ್ಲಿ ಹೋದದ್ದು ಅಲ್ಲಿ ಮುರ್ಮಾನ್ಸ್ಕ್ ಎಂದಾಯಿತು. ಯುದ್ಧ ಮುಗಿದ ಕೆಲವು ವರ್ಷಗಳ ಮೇಲೆ ವಾಪಸ್ ಬಂತು.

"ಹಿಟ್ಟಿನ ಜರಡಿ ಕೊಟ್ಟಂಗ ಕೊಟ್ಟಾರ ನೋಡವಾ, ಯುದ್ಧದ ಹಡಗ!" ಎಂದು ಅಂಕಲ್ ಪ್ರತಿ ಸಲವೂ ಹೊಸದಾಗಿ ನಗುತ್ತಿದ್ದರು.

ಆ ವರ್ಷ ನನ್ನ ಮಗಳು ಅನಘಾಗೆ ಐದನೇ ಕ್ಲಾಸಿನ ಹಿಸ್ಟರಿ ಪ್ರಾಜೆಕ್ಟ್ ಬಂತು. ಹಡಗನ್ನು ಎರಡು ದಿನಕ್ಕೆ ಕೇಳಿದೆ.

"ಒಯ್ಯಿ. ಶನಿವಾರ ಮಾತ್ರ ಬೇಕ. ಹಾಫ್‌ಮನ್ ಎಸ್ಟೇಟ್ಸ್ ಊರಾಗ ಮಾಡೆಲ್ ಪ್ರದರ್ಶನ ಐತಿ. ಮೊದಲನೇ ಸಲ ನನ್ನೂ ಕರದಾರ," ಎಂದರು. ಆ ದಿನಕ್ಕೆಂದು ಹೊಸ ಶರ್ಟು ಕೂಡ ಇಸ್ತ್ರಿಯಾಗಿ ತೂಗುತ್ತಿತ್ತು.

ಶುಕ್ರವಾರ ಹಡಗು ಶಾಲೆಯಿಂದ ಬಂತು. ನೀವೇ ಹೇಳಿ, ಬೇರೆಯವರ ಮನೆಯ ಸಾಮಾನನ್ನು ನಾವು ಹಾಗೇ ಹಿಂದಿರುಗಿಸುತ್ತೇವೆಯೇ? ಮೈಸೂರಿನಲ್ಲಿ ನಮ್ಮಮ್ಮ ಪಕ್ಕದ ಮನೆಯ ಸಾರಿನ ಪಾತ್ರೆಯನ್ನು ನಮ್ಮದಕ್ಕಿಂತ ಎರಡರಷ್ಟು ಉಜ್ಜುತ್ತಿದ್ದರು. ನೋಡಿದರೆ ಹಡಗಿನ ಮೈತುಂಬ ಕಂದು ಕಲೆ, ಕೊಳಕು ಗೆರೆ. ಶಾಲೆಯ ಮಕ್ಕಳ ಕೊಳೆ ಕೈಯ ಗುರುತು ಎಂದುಕೊಂಡೆ. ಬೆಚ್ಚನೆಯ ನೀರು, ನಿಂಬೆ ಸೋಪು, ಹಳೆಯ ಟೂತ್‌ಬ್ರಷ್. ಅರ್ಧ ಗಂಟೆಯಲ್ಲಿ ಫಳಫಳ! ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅನಘಾ ಚೀರಿದಳು. "ಅಮ್ಮಾ! ಯು ವಾಶ್ಡ್ ಆಫ್ ದ ರಸ್ಟ್? ಅಂಕಲ್ ಪೇಂಟೆಡ್ ದಟ್!"

ಅದು ತುಕ್ಕು. ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಇದ್ದು ಮರಳಿದ ಹಡಗಿನ ತುಕ್ಕು. ಅಂಕಲ್ ಮೂರು ತಿಂಗಳು ಕೂತು ಕೂದಲೆಳೆಯ ಕುಂಚದಲ್ಲಿ ಬಳಿದದ್ದು.

ಚಕ್ಕುಲಿ ಡಬ್ಬಿಯನ್ನೂ ಹಡಗನ್ನೂ ಹಿಡಿದು ಅವರ ಬಾಗಿಲು ತಟ್ಟಿದೆ. ಅಂಕಲ್ ಗಡಿಯಾರ ರಿಪೇರಿಯ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಹಡಗನ್ನು ಸುತ್ತಲೂ ನೋಡಿದರು. ನಾನು ಅತ್ತೇಬಿಟ್ಟೆ.

"ಅಳಬ್ಯಾಡವಾ," ಎಂದರು ಕೊನೆಗೆ. "ತುಕ್ಕ ಹಿಡದಿದ್ದು ವಾಪಸ್ ಬಂದಾಗ. ಹೊಂಡೋ ದಿನ ಹಿಂಗ ಇತ್ತು. ಹೊಂಟ ದಿನದ ಹಡಗ ಅಂತ ಚೀಟಿ ಬರದರ ಆತು."

ಪ್ರಾಯಶ್ಚಿತ್ತವಾಗಿ ಮರುದಿನ ನಾನೇ ಡ್ರೈವ್ ಮಾಡಿದೆ, ಮುನ್ನೂರು ಮೈಲಿ. ಅಂಕಲ್ ದಾರಿಯುದ್ದಕ್ಕೂ ಚಕ್ಕುಲಿ ತಿಂದರು. ಬಹುಮಾನ ಬರಲಿಲ್ಲ. ಒಬ್ಬ ಹಿರಿಯರು ಬಗ್ಗಿ ನೋಡಿ "ವೆರಿ ಕ್ಲೀನ್ ವರ್ಕ್" ಎಂದಾಗ ಅಂಕಲ್ ನನ್ನತ್ತ ತಿರುಗಿ ಮೀಸೆಯಲ್ಲೇ ನಕ್ಕರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇದನ್ನೆಲ್ಲ ನೆನೆದು ಇವತ್ತು ಸಂಜೆ ಅವರ ಮನೆಗೆ ಹೋದೆ. ಎಂಬತ್ತು ದಾಟಿದ್ದಾರೆ. ಹಡಗು ಮೇಜಿನ ಮೇಲಿತ್ತು, ಪಕ್ಕದಲ್ಲಿ ಕಂದು ಬಣ್ಣ ತುಂಬಿದ ಶೀಸೆ, ಕುಂಚ.

"ಹದಿನೈದು ವರ್ಷ ಆತು, ಇನ್ನೂ ಹೊಂಟ ನಿಂತೈತಿ. ತುಕ್ಕ ಹಚ್ಚೋಣು, ಮನಿಗೆ ಬರ್ಲಿ ಅಂತ ಕುಂತೆ. ಕೈ ನಡಗ್ತಾವ." ಕುಂಚವನ್ನು ನನ್ನ ಕೈಗಿಟ್ಟರು. "ತೊಳದಾಕಿ ನೀನ. ಹಚ್ಚಾಕಿನೂ ನೀನ ಆಗು."

ಉಸಿರು ಬಿಗಿಹಿಡಿದು ಒಂದು ಚುಕ್ಕೆ ಇಟ್ಟೆ. ಅದು ಹರಡಿ ದೊಡ್ಡ ಕಲೆಯೇ ಆಯಿತು. ಅಯ್ಯೋ ಎಂದೆ.

ಅಂಕಲ್ ಭೂತಗನ್ನಡಿಯಲ್ಲಿ ಇಣುಕಿದರು. "ಇರ್ಲಿ ಬಿಡವಾ," ಎಂದರು. "ಅಲ್ಲಿ ಸಮುದ್ರ ಜೋರ ಹೊಡದಿತ್ತು."